ಒಂದು ಮುಳ್ಳು, ಎರಡು ದನಿ

ಸ್ಟೀರಿಯೊ ರೆಕಾರ್ಡು ಕೊರೆಯುವ ‘ತಲೆ’ಯನ್ನು ಮನೆಯಲ್ಲೇ ಕಟ್ಟಬಹುದೇ? ಕಟ್ಟಬಹುದು. ಮುಳ್ಳನ್ನು ಕುಣಿಸುವುದು ಸುಲಭ. ಕುಣಿದ ಮುಳ್ಳನ್ನು ಹೇಳಿದ ಕ್ಷಣಕ್ಕೆ ನಿಲ್ಲಿಸುವುದರಲ್ಲೇ ಇರುವುದು ಕಷ್ಟವೆಲ್ಲ.

ಅಟ್ಟದ ಮೇಲೆ ದೂಳು ತಿನ್ನುತ್ತ ಬಿದ್ದಿರುವ ಹಳೆಯ ಎಲ್.ಪಿ. ರೆಕಾರ್ಡೊಂದು ನಿಮ್ಮ ಮನೆಯಲ್ಲಿದ್ದರೆ ಅದನ್ನು ಕೆಳಗಿಳಿಸಿ ಒರೆಸಿ. ಪಕ್ಕದಿಂದ ಟಾರ್ಚಿನ ಬೆಳಕು ಬಿಟ್ಟು, ಒಳ್ಳೆಯ ಭೂತಗನ್ನಡಿಯಲ್ಲೋ ಕಾಲೇಜಿನ ಸೂಕ್ಷ್ಮದರ್ಶಕದಲ್ಲೋ ನೋಡಿ. ಉತ್ತ ಹೊಲದ ಸಾಲುಗಳಂತೆ ಗೀರುಗಳು ಕಾಣುತ್ತವೆ. ನಿಜವಾಗಿ ಅವು ಹಲವು ಗೀರುಗಳಲ್ಲ. ಅಂಚಿನಿಂದ ಹೊರಟು ಸುತ್ತಿ ಸುತ್ತಿ ನಡುವಿಗೆ ಬಂದ ಒಂದೇ ಗೀರು. ಇಪ್ಪತ್ತು ನಿಮಿಷ ಹಾಡುವ ಒಂದು ಬದಿಯ ಗೀರನ್ನು ಬಿಚ್ಚಿ ನೇರ ಮಾಡಲು ಸಾಧ್ಯವಿದ್ದರೆ ಅದು ಸುಮಾರು 430 ಮೀಟರು ಉದ್ದವಾದೀತು. ಅಗಲ ಮಾತ್ರ ಮಿಲಿಮೀಟರಿನ ಇಪ್ಪತ್ತರಲ್ಲಿ ಒಂದು ಪಾಲು. ತಲೆಗೂದಲಿಗಿಂತ ಕಿರಿದು!

ಇನ್ನೂ ತಾಳ್ಮೆಯಿಂದ ನೋಡಿದರೆ ಮತ್ತೊಂದು ಸಂಗತಿ ಗಮನಕ್ಕೆ ಬರುತ್ತದೆ. ಇಂಗ್ಲಿಷಿನ ‘ವಿ’ ಅಕ್ಷರದಂತಿರುವ ಈ ಗೀರಿನ ಎರಡು ದಡಗಳ ಅಂಕುಡೊಂಕು ಒಂದೇ ತೆರನಾಗಿಲ್ಲ. ತಟ್ಟೆಯ ಅಂಚಿನ ಕಡೆಗಿರುವ ದಡದಲ್ಲಿ ಬಲಗಡೆಯ ಸ್ಪೀಕರಿನ ಸಂಗೀತವಿದೆ. ನಡುವಿನ ಕಡೆಗಿರುವ ದಡದಲ್ಲಿ ಎಡಗಡೆಯದು. ವೀಣೆ ಒಂದು ದಡದಲ್ಲಿ, ಮೃದಂಗ ಇನ್ನೊಂದರಲ್ಲಿ ಎಂದುಕೊಳ್ಳಿ. ಆದರೆ ಕೊರೆದ ಮುಳ್ಳು ಒಂದೇ, ಓಟವೂ ಒಂದೇ. ಒಂದು ಮುಳ್ಳು ಒಂದೇ ಸಲಕ್ಕೆ ಎರಡು ಬೇರೆ ಬೇರೆ ದನಿಗಳನ್ನು ಬರೆದದ್ದು ಹೇಗೆ?

ಹಾಗೆ ಬರೆಯುವ ಸಲಕರಣೆಗೆ ಕಟಿಂಗ್ ಹೆಡ್ ಎಂದು ಹೆಸರು. ಅಂಗೈಯಲ್ಲಿ ಹಿಡಿಯುವಷ್ಟೇ ಗಾತ್ರ. ಬರ್ಲಿನ್ನಿನ ನಾಯ್ಮನ್ ಕಂಪನಿ ಮಾಡಿದ ಎಸ್.ಎಕ್ಸ್.-68, ಎಸ್.ಎಕ್ಸ್.-74 ಎಂಬ ತಲೆಗಳು ಈ ಕಸುಬಿನಲ್ಲಿ ಹೆಸರುವಾಸಿ. ಸಿ.ಡಿ. ಬಂದು ರೆಕಾರ್ಡುಗಳ ಕಾಲ ಮುಗಿಯಿತು ಎನ್ನುವ ಹೊತ್ತಿಗೆ ಇವುಗಳ ತಯಾರಿಕೆ ನಿಂತುಹೋಯಿತು. ಆದರೆ ರೆಕಾರ್ಡು ಸಾಯಲಿಲ್ಲ. ಅಮೆರಿಕದಲ್ಲಿ 1987ರ ನಂತರ ಮೊದಲ ಬಾರಿಗೆ, 2022ರಲ್ಲಿ, ಸಿ.ಡಿ.ಗಳಿಗಿಂತ ವಿನೈಲ್ ರೆಕಾರ್ಡುಗಳೇ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾದವು. ಹಾಡು ಕೇಳುವವರು ಹೆಚ್ಚಿದರು, ಗೀರು ಕೊರೆಯುವ ತಲೆಗಳು ಮಾತ್ರ ಇದ್ದಷ್ಟೇ ಇವೆ. ಹಳೆಯವು ಸಾಮಾನ್ಯರ ಕೈಗೆಟುಕದ ಬೆಲೆಗೆ ಕೈ ಬದಲಾಗುತ್ತವೆ. ಕೊಳ್ಳಲಾಗದ ಹವ್ಯಾಸಿಗಳು ಬೇರೆ ಬೇರೆ ದೇಶಗಳಲ್ಲಿ ಕಾರಿನ ಷೆಡ್ಡಿನಲ್ಲಿ, ಅಡುಗೆಮನೆಯ ಮೇಜಿನ ಮೇಲೆ, ತಾವೇ ಅದನ್ನು ಕಟ್ಟಲು ಕೂತಿದ್ದಾರೆ. ಪಿ.ಯು.ಸಿ. ಭೌತಶಾಸ್ತ್ರ ಓದುತ್ತಿರುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪ್ರಾಯೋಗಿಕ ಪರೀಕ್ಷೆ ಸಿಕ್ಕುವುದು ಕಷ್ಟ. ಸದಿಶಗಳು, ಸರಳ ಸಂಗತ ಚಲನೆ, ವಿದ್ಯುತ್ಕಾಂತ ಪ್ರೇರಣೆ ಈ ಮೂರು ಅಧ್ಯಾಯಗಳೂ ಆ ಅಂಗೈಯಗಲದ ವಸ್ತುವಿನೊಳಗೆ ಒಟ್ಟಿಗೆ ಕೂತಿವೆ.

ಸಿನಿಮಾ ನೋಡುತ್ತ ಹೊಳೆದದ್ದು

ಕಥೆ ಶುರುವಾಗುವುದು ಲಂಡನ್ನಿನಲ್ಲಿ. 1931ರಲ್ಲಿ ಆಲನ್ ಬ್ಲಮ್‌ಲೈನ್ ಎಂಬ ಎಂಜಿನಿಯರು ಮುಂದೆ ತನ್ನ ಮಡದಿಯಾಗಲಿದ್ದವಳೊಡನೆ ಸಿನಿಮಾಕ್ಕೆ ಹೋಗಿದ್ದ. ಪರದೆಯ ಮೇಲೆ ನಟ ಈ ತುದಿಯಿಂದ ಆ ತುದಿಗೆ ನಡೆದುಹೋಗುತ್ತಾನೆ, ಅವನ ಮಾತು ಮಾತ್ರ ಇದ್ದಲ್ಲೇ ಇರುವ ಒಂದೇ ಸ್ಪೀಕರಿನಿಂದ ಬರುತ್ತದೆ. ಬ್ಲಮ್‌ಲೈನ್‌ಗೆ ಇದು ಕಿರಿಕಿರಿಯಾಯಿತು. ಮಾತು ನಟನ ಹಿಂದೆಯೇ ಹೋಗುವಂತೆ ಮಾಡುವ ದಾರಿ ತನಗೆ ಗೊತ್ತಿದೆ ಎಂದು ಅವಳಿಗೆ ಹೇಳಿದನಂತೆ. ಬರೀ ಬಡಾಯಿಯಲ್ಲ. ಅದೇ ವರ್ಷದ ಡಿಸೆಂಬರ್ 14ರಂದು ಅವನು ಸಲ್ಲಿಸಿದ ಪೇಟೆಂಟ್ ಅರ್ಜಿಯಲ್ಲಿ ಎಪ್ಪತ್ತು ಹಕ್ಕುಸಾಧನೆಗಳಿದ್ದವು. ಇಂದಿನ ಸ್ಟೀರಿಯೊ ರೆಕಾರ್ಡಿನ ಗೀರು ಅದರಲ್ಲಿ ಆಗಲೇ ಇತ್ತು.

ಮಕ್ಕಳ ಅಂಕಪಟ್ಟಿ ನೋಡಿ ನಿಟ್ಟುಸಿರು ಬಿಡುವ ತಂದೆತಾಯಿಗಳು ಈ ಬ್ಲಮ್‌ಲೈನ್‌ನ ಬಾಲ್ಯವನ್ನು ಸ್ವಲ್ಪ ಕೇಳಬೇಕು. ಏಳು ವರ್ಷದವನಿದ್ದಾಗ ಮನೆಯ ಕರೆಗಂಟೆಯನ್ನು ರಿಪೇರಿ ಮಾಡಿ, ‘ಆಲನ್ ಬ್ಲಮ್‌ಲೈನ್, ಎಲೆಕ್ಟ್ರಿಕಲ್ ಎಂಜಿನಿಯರ್’ ಎಂದು ಸಹಿ ಹಾಕಿದ ಬಿಲ್ಲನ್ನು ಅಪ್ಪನ ಕೈಗೆ ಕೊಟ್ಟಿದ್ದ. ಆದರೆ ಹನ್ನೆರಡಾಗುವವರೆಗೂ ಅವನಿಗೆ ಸರಾಗವಾಗಿ ಓದಲು ಬರುತ್ತಿರಲಿಲ್ಲ ಎಂದು ಅವನ ಅಕ್ಕ ಹೇಳುತ್ತಿದ್ದರು. ಓದು ಬಾರದಿದ್ದರೇನು, ವರ್ಗ ಸಮೀಕರಣಗಳು ಬೇಕಾದಷ್ಟು ಬರುತ್ತಿದ್ದವಲ್ಲ ಎಂಬುದು ಅವನ ಉತ್ತರ!

ಅವನ ಮುಂದಿದ್ದ ಸಮಸ್ಯೆ ಇದು. ಎಡಿಸನ್ 1877ರಲ್ಲಿ ಮಾಡಿದ ಫೋನೊಗ್ರಾಫಿನಲ್ಲಿ ಮುಳ್ಳು ಮೇಲೆ ಕೆಳಗೆ ಆಡುತ್ತಿತ್ತು. ಹತ್ತು ವರ್ಷದ ನಂತರ ಬಂದ ಬರ್ಲಿನರನ ಗ್ರಾಮಫೋನಿನಲ್ಲಿ ಅಕ್ಕಪಕ್ಕಕ್ಕೆ ಆಡುತ್ತಿತ್ತು. ಹಾಗಿದ್ದರೆ ಒಂದೇ ಗೀರಿನಲ್ಲಿ ಒಂದು ದನಿಯನ್ನು ಮೇಲೆ ಕೆಳಗೆ, ಇನ್ನೊಂದನ್ನು ಅಕ್ಕಪಕ್ಕಕ್ಕೆ ಬರೆದರೆ? ಎರಡು ದಿಕ್ಕುಗಳೂ ಒಂದಕ್ಕೊಂದು ಲಂಬವಾಗಿರುವುದರಿಂದ ಕಲಬೆರಕೆಯಾಗುವುದಿಲ್ಲ. ಮೈದಾನದಲ್ಲಿ ಪೂರ್ವಕ್ಕೆ ನಡೆಯುವ ಹುಡುಗ ಎಷ್ಟೇ ನಡೆದರೂ ಉತ್ತರಕ್ಕೆ ಒಂದಂಗುಲವೂ ಸರಿಯುವುದಿಲ್ಲ, ಹಾಗೆ. ಆದರೆ ಮೇಲೆ ಕೆಳಗೆ ಕೊರೆದ ಗೀರು, ಅಕ್ಕಪಕ್ಕ ಕೊರೆದ ಗೀರು ಎರಡರ ಗುಣವೂ ಒಂದೇ ಅಲ್ಲ. ಒಂದು ಕಿವಿಗೆ ಒಳ್ಳೆಯ ದನಿ, ಇನ್ನೊಂದಕ್ಕೆ ಸಾಧಾರಣ ದನಿ ಬಂದಂತಾಗುತ್ತದೆ. ಇದಕ್ಕೆ ಉಪಾಯವೆಂದರೆ ಇಡೀ ಏರ್ಪಾಡನ್ನು 45 ಡಿಗ್ರಿ ಓರೆ ಮಾಡುವುದು. ಆಗ ಎಡದನಿ ಒಂದು ದಡಕ್ಕೆ ಲಂಬವಾಗಿಯೂ ಬಲದನಿ ಇನ್ನೊಂದು ದಡಕ್ಕೆ ಲಂಬವಾಗಿಯೂ ಬರೆಯಲ್ಪಡುತ್ತವೆ. ಕಷ್ಟಸುಖ ಎರಡಕ್ಕೂ ಸಮಪಾಲು.

ಇದರಿಂದ ಇನ್ನೊಂದು ಲಾಭವೂ ಇತ್ತು. ಎರಡು ಕಡೆಗೂ ಒಂದೇ ದನಿ ಬಂದಾಗ ಮುಳ್ಳು ಅಕ್ಕಪಕ್ಕಕ್ಕೆ ಮಾತ್ರ ಚಲಿಸುವಂತೆ ತಂತಿಗಳನ್ನು ಜೋಡಿಸಬಹುದು. ಅಂದರೆ ಹಳೆಯ ಮೋನೊ ರೆಕಾರ್ಡಿನಂಥದೇ ಗೀರು. ಹೊಸ ಯಂತ್ರದಲ್ಲಿ ಹಳೆಯ ತಟ್ಟೆ ಹಾಡುತ್ತದೆ.

1934ರ ಜನವರಿಯಲ್ಲಿ ಬ್ಲಮ್‌ಲೈನ್ ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಥಾಮಸ್ ಬೀಚಮ್ ನಡೆಸುತ್ತಿದ್ದ ವಾದ್ಯವೃಂದವನ್ನು ಸ್ಟೀರಿಯೊದಲ್ಲಿ ಕೊರೆದ. ಆದರೆ ಆ ತಟ್ಟೆಗಳು ಆಗ ಅಂಗಡಿಗೆ ಬರಲಿಲ್ಲ. ಯುದ್ಧ ಬಂತು. 1942ರ ಜೂನ್ 7ರಂದು ಎಚ್-ಟು-ಎಸ್ ಎಂಬ ರೇಡಾರನ್ನು ಪರೀಕ್ಷಿಸುತ್ತಿದ್ದ ಹ್ಯಾಲಿಫ್ಯಾಕ್ಸ್ ವಿಮಾನ ಉರುಳಿ ಅದರಲ್ಲಿದ್ದ ಹನ್ನೊಂದು ಮಂದಿಯೂ ಸತ್ತರು. ಅವರಲ್ಲಿ ಬ್ಲಮ್‌ಲೈನ್ ಒಬ್ಬ. ವಯಸ್ಸು 38. ಯುದ್ಧಕಾಲವಾದ್ದರಿಂದ ಸಾವಿನ ಸುದ್ದಿಯನ್ನೂ ಗುಟ್ಟಾಗಿಡಲಾಯಿತು. ಅಮೆರಿಕದ ವೆಸ್ಟ್ರೆಕ್ಸ್ ಕಂಪನಿ ಇದೇ 45 ಡಿಗ್ರಿಯ ತತ್ತ್ವದ ಕಟಿಂಗ್ ಹೆಡ್ ಅನ್ನು ಜನರೆದುರು ತೋರಿಸಿದ್ದು 1957ರಲ್ಲಿ. ಅದೇ ವರ್ಷ ಆಡಿಯೊ ಫಿಡೆಲಿಟಿ ಎಂಬ ಸಂಸ್ಥೆ ಒಂದು ಬದಿಯಲ್ಲಿ ಜಾಜ್ ಸಂಗೀತ, ಇನ್ನೊಂದು ಬದಿಯಲ್ಲಿ ರೈಲುಗಳ ಸದ್ದು ಇದ್ದ ಸ್ಟೀರಿಯೊ ತಟ್ಟೆಯನ್ನು ಹೊರತಂದಿತು. ಎಡಗಿವಿಯಿಂದ ಬಲಗಿವಿಗೆ ರೈಲು ಓಡಿದ್ದನ್ನು ಕೇಳಿ ಜನ ಬೆರಗಾದರು.

ಪೊರಕೆ ಕಡ್ಡಿಯ ಪಾಠ

ಈಗ ಮೇಜಿನ ಮುಂದೆ ಕೂರೋಣ. ಮನೆಯಲ್ಲಿ ಕಟ್ಟುವವರು ಸಾಮಾನ್ಯವಾಗಿ ಒಂದೇ ಬಗೆಯ ಎರಡು ಪುಟ್ಟ ಸ್ಪೀಕರುಗಳಿಂದ ಆರಂಭಿಸುತ್ತಾರೆ. ಸ್ಪೀಕರಿನೊಳಗೆ ಒಂದು ಅಯಸ್ಕಾಂತ, ಅದರ ಸಂದಿಯಲ್ಲಿ ಆಡುವ ತಂತಿಯ ಸುರುಳಿ, ಸುರುಳಿಯನ್ನು ಸಂದಿಯ ನಡುಮಧ್ಯೆ ಹಿಡಿದಿಡುವ ಮೆತ್ತನೆಯ ಪೊರೆ ಇರುತ್ತವೆ. ಗಾಳಿಯನ್ನು ತಳ್ಳುವ ಕಾಗದದ ಶಂಕು ಇಲ್ಲಿ ಬೇಡ. ಅದನ್ನು ಕತ್ತರಿಸಿ ತೆಗೆದು, ಸುರುಳಿಯ ಬಾಯಿಗೆ ಹಗುರವಾದ ಮುಚ್ಚಳ ಅಂಟಿಸಿ, ಮುಚ್ಚಳದ ನಡುವಿನಿಂದ ತೆಳ್ಳನೆಯ ಕಡ್ಡಿಯೊಂದನ್ನು ಹೊರಡಿಸುತ್ತಾರೆ. ಇಂಥ ಎರಡನ್ನು ಅಲ್ಯೂಮಿನಿಯಮ್ ದಿಮ್ಮಿಯೊಂದರ ಮೇಲೆ, ಎಡಕ್ಕೆ 45 ಡಿಗ್ರಿ, ಬಲಕ್ಕೆ 45 ಡಿಗ್ರಿ, ಮನೆಯ ಸೂರಿನಂತೆ ಓರೆಯಾಗಿ ಕೂರಿಸುತ್ತಾರೆ. ಎರಡೂ ಕಡ್ಡಿಗಳು ಕೆಳಗೆ ಬಂದು ಒಂದೇ ಬಿಂದುವಿನಲ್ಲಿ ಮುಳ್ಳಿನ ಹಿಡಿಕೆಗೆ ಅಂಟಿಕೊಳ್ಳುತ್ತವೆ. ಹಿಡಿಕೆ ಹಿಂದಕ್ಕೆ ಹೋಗಿ ತೆಳ್ಳನೆಯ ಸ್ಪ್ರಿಂಗಿನಂಥ ಪಟ್ಟಿಯೊಂದರ ಮೂಲಕ ದಿಮ್ಮಿಗೆ ಸೇರುತ್ತದೆ. ಮುಳ್ಳು ಮೇಲೆ ಕೆಳಗೆ, ಅಕ್ಕಪಕ್ಕ ಆಡಬಹುದು, ಮುಂದೆ ಹಿಂದೆ ಮಾತ್ರ ಕದಲಕೂಡದು.

ಕೇಳಲು ಇಷ್ಟೇ. ಆದರೆ ಇಲ್ಲೇ ಮೊದಲ ಜಗಳ. ಎಡಗಡೆಯ ಸುರುಳಿ ಮುಳ್ಳನ್ನು ತಳ್ಳಿದಾಗ ಮುಳ್ಳಿನ ಜೊತೆಗೆ ಬಲಗಡೆಯ ಕಡ್ಡಿಯೂ ಎಳೆಯಲ್ಪಡುತ್ತದೆ. ಆ ಕಡ್ಡಿ ಬಗ್ಗಿ ದಾರಿ ಬಿಡಬೇಕು. ಬಿಡದಿದ್ದರೆ ಎಡದ ವೀಣೆ ಬಲದ ಸುರುಳಿಯನ್ನೂ ಅಲುಗಿಸುತ್ತದೆ, ಸ್ಟೀರಿಯೊ ಹೋಗಿ ಕಲಸುಮೇಲೋಗರವಾಗುತ್ತದೆ. ಬಗ್ಗಬೇಕೆಂದು ಕಡ್ಡಿಯನ್ನು ಮೆತ್ತಗೆ ಮಾಡಿದರೆ ಅದು ತನ್ನ ಸುರುಳಿಯ ಮಾತನ್ನೇ ಮುಳ್ಳಿಗೆ ಮುಟ್ಟಿಸುವುದಿಲ್ಲ. ಉದ್ದಕ್ಕೆ ಬಿರುಸು, ಅಡ್ಡಕ್ಕೆ ಮೆದು, ಎರಡು ಗುಣವೂ ಒಂದೇ ಕಡ್ಡಿಯಲ್ಲಿ ಬೇಕು. ಇದು ಅಸಾಧ್ಯವೆನಿಸಿದರೆ ಕಸಪೊರಕೆಯಿಂದ ಎರಡಂಗುಲದ ಕಡ್ಡಿಯೊಂದನ್ನು ಮುರಿದುಕೊಳ್ಳಿ. ಎರಡು ಬೆರಳುಗಳ ನಡುವೆ ಉದ್ದುದ್ದ ಇಟ್ಟು ಮೆಲ್ಲಗೆ ಒತ್ತಿದರೆ ಅದು ಬೆರಳನ್ನೇ ಚುಚ್ಚುತ್ತದೆ. ಪಕ್ಕದಿಂದ ಮುಟ್ಟಿದರೆ ಸುಲಭವಾಗಿ ಬಾಗುತ್ತದೆ. ಗಟ್ಟಿ ಉಕ್ಕಿನ ಸಣ್ಣ ತಂತಿ, ಕಾರ್ಬನ್ ನಾರಿನ ಕಡ್ಡಿ ಹೀಗೆ ಏನನ್ನೇ ಬಳಸಿದರೂ ತತ್ತ್ವ ಇದೇ. ಎಷ್ಟು ದಪ್ಪ, ಎಷ್ಟು ಉದ್ದ ಎಂಬುದನ್ನು ಕಂಡುಕೊಳ್ಳುವುದರಲ್ಲೇ ತಿಂಗಳುಗಳು ಕಳೆಯುತ್ತವೆ.

ತೂಕದ ವಿಷಯದಲ್ಲೂ ಧಾರಾಳತನ ಸಲ್ಲದು. ಸೆಕೆಂಡಿಗೆ 10,000 ಕಂಪನಗಳ ಸ್ವರವನ್ನು ಮುಳ್ಳು ಸೆಕೆಂಡಿಗೆ 5 ಸೆಂಟಿಮೀಟರಿನ ಗರಿಷ್ಠ ವೇಗದಲ್ಲಿ ಬರೆಯಬೇಕೆಂದುಕೊಳ್ಳಿ. ವೇಗವನ್ನು 2ಪೈ ಮತ್ತು ಕಂಪನಾಂಕದಿಂದ ಗುಣಿಸಿದರೆ ವೇಗೋತ್ಕರ್ಷ ಸಿಗುತ್ತದೆ. ಲೆಕ್ಕ ಹಾಕಿ ನೋಡಿ: ಭೂಮಿಯ ಗುರುತ್ವದ ಸುಮಾರು 320 ಪಟ್ಟು! ಒಂದು ಗ್ರಾಮಿನ ಮುಳ್ಳು ಹಿಡಿಕೆಗೆ 320 ಗ್ರಾಮ್ ತೂಕದಷ್ಟು ಬಲ ಬೇಕು. ಅಂಟಿನ ಒಂದು ತೊಟ್ಟು ಹೆಚ್ಚಾದರೂ ಅದಕ್ಕೆ ಲೆಕ್ಕ ತೆರಬೇಕು.

ನಿಲ್ಲಿಸುವ ವಿದ್ಯೆ

ಎರಡನೆಯ ಜಗಳ ಇನ್ನೂ ದೊಡ್ಡದು. ದೇವಸ್ಥಾನದ ಗಂಟೆಯನ್ನು ಒಮ್ಮೆ ಹೊಡೆದು ಕೈ ಬಿಟ್ಟರೂ ಅದು ತನ್ನದೇ ಸ್ವರದಲ್ಲಿ ಮೊಳಗುತ್ತಲೇ ಇರುತ್ತದೆ. ತೂಕವೂ ಸ್ಪ್ರಿಂಗಿನ ಗುಣವೂ ಇರುವ ಎಲ್ಲ ವಸ್ತುಗಳಿಗೂ ಹೀಗೊಂದು ಸ್ವಂತ ಸ್ವರವಿರುತ್ತದೆ. ನಮ್ಮ ಮುಳ್ಳು, ಕಡ್ಡಿ, ಸುರುಳಿಗಳ ಸಂಸಾರಕ್ಕೂ ಇದೆ. ಆ ಕಂಪನಾಂಕದ ಸಂಗೀತ ಬಂದ ಕೂಡಲೇ ಮುಳ್ಳು ಮೈದುಂಬಿ ಕುಣಿಯುತ್ತದೆ. ಇದನ್ನೇ ಪಠ್ಯಪುಸ್ತಕ ಅನುರಣನ ಎನ್ನುವುದು. ಅದರಿಂದ ಮೇಲಕ್ಕೂ ಕೆಳಕ್ಕೂ ಹೋದಂತೆ ಮುಳ್ಳಿನ ವೇಗ ಇಳಿಯುತ್ತದೆ. ನಕ್ಷೆ ಬರೆದರೆ ನಡುವೆ ಚೂಪಾದ ಬೆಟ್ಟ, ಇಕ್ಕೆಲದಲ್ಲಿ ಇಳಿಜಾರು. ಸಂಗೀತಕ್ಕೆ ಬೇಕಾದದ್ದು ಬಯಲು. ವೆಸ್ಟ್ರೆಕ್ಸಿನಂಥ ತಲೆಗಳಲ್ಲಿ ಈ ಬೆಟ್ಟ ಸೆಕೆಂಡಿಗೆ ಸುಮಾರು ಸಾವಿರ ಕಂಪನಗಳ ಆಸುಪಾಸಿನಲ್ಲಿತ್ತು, ಅಂದರೆ ಸಂಗೀತದ ನಟ್ಟನಡುವೆ.

ರೆಕಾರ್ಡು ಕೊರೆಯುವ ವಿದ್ಯೆಯ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ಬೆಟ್ಟವನ್ನು ಸವೆಸಿದ ಚರಿತ್ರೆಯೇ. ಮುಂದೆ ಮೈಸೂರು ಆಸ್ಥಾನಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲೇ ಕಣ್ಮುಚ್ಚಿದ ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದಾಗ ವಿದ್ಯುತ್ತಿನ ಸಹಾಯವೇ ಇರಲಿಲ್ಲ. ಕೊಳವೆಯ ಬಾಯಿಗೆ ಹಾಡಿದ ದನಿ ಪೊರೆಯನ್ನು ನಡುಗಿಸಿ, ಪೊರೆಯೇ ಮುಳ್ಳನ್ನು ಆಡಿಸುತ್ತಿತ್ತು. ಕೊಳವೆ, ಪೊರೆಗಳ ಸ್ವಂತ ಸ್ವರವೆಲ್ಲ ಗಾಯಕಿಯ ದನಿಯ ಜೊತೆ ಬೆರೆಯುತ್ತಿತ್ತು. 1925ರಲ್ಲಿ ವಿದ್ಯುತ್ ಧ್ವನಿಮುದ್ರಣ ಬಂದಾಗ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರುಗಳು ಮುಳ್ಳಿನ ಹಿಂದೆ ಉದ್ದನೆಯ ರಬ್ಬರ್ ದಂಡವೊಂದನ್ನು ಜೋಡಿಸಿದರು. ಮಿಕ್ಕ ಕಂಪನವೆಲ್ಲ ಆ ರಬ್ಬರಿನಲ್ಲಿ ಓಡಿ ಹಿಂದಿರುಗದೆ ಇಂಗಿಹೋಗುತ್ತಿತ್ತು. ಮನೆಯಲ್ಲಿ ಕಟ್ಟುವವರು ಇಂದಿಗೂ ಮೊದಲು ಮಾಡುವುದು ಇದನ್ನೇ. ಸಂದಿಗಳಲ್ಲಿ ಮೆತ್ತನೆಯ ರಬ್ಬರನ್ನೋ ಸಿಲಿಕೋನ್ ಜಿಗುಟನ್ನೋ ತುರುಕಿ ಬೆಟ್ಟವನ್ನು ತಗ್ಗಿಸುತ್ತಾರೆ. ಅಷ್ಟಕ್ಕೇ ತೃಪ್ತರಾದರೆ ಸುಮಾರಾದ ತಟ್ಟೆ ಸಿಗುತ್ತದೆ. ತೃಪ್ತಿಯಾಗದವರು ಫೀಡ್‌ಬ್ಯಾಕಿನ ಮೊರೆ ಹೋಗುತ್ತಾರೆ.

ಇದನ್ನು ಕಂಡುಹಿಡಿದವನು ಅಮೆರಿಕದ ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್. 1927ರ ಆಗಸ್ಟ್ 2ರ ಬೆಳಿಗ್ಗೆ ಹಡ್ಸನ್ ನದಿಯನ್ನು ದೋಣಿಯಲ್ಲಿ ದಾಟಿ ಕೆಲಸಕ್ಕೆ ಹೋಗುತ್ತಿದ್ದಾಗ ಹೊಳೆದದ್ದನ್ನು ಕೈಯಲ್ಲಿದ್ದ ದಿನಪತ್ರಿಕೆಯ ಖಾಲಿ ಜಾಗದಲ್ಲೇ ಬರೆದುಕೊಂಡ. ಆಂಪ್ಲಿಫಯರಿನಿಂದ ಹೊರಬರುವುದರ ಒಂದು ಪಾಲನ್ನು ತಿರುಗಿ ಒಳಗೆ ತಂದು, ಒಳಹೋಗುತ್ತಿರುವುದರಿಂದ ಕಳೆಯಬೇಕು. ತಪ್ಪು ಇದ್ದರೆ ತಾನಾಗಿ ತಿದ್ದಿಕೊಳ್ಳುತ್ತದೆ. ದೂರವಾಣಿಗಾಗಿ ಹುಟ್ಟಿದ ಈ ಉಪಾಯವನ್ನು 1930ರ ದಶಕದಲ್ಲೇ ಕಟಿಂಗ್ ಹೆಡ್‌ಗೆ ಅಳವಡಿಸಿದರು. ತಳ್ಳುವ ಸುರುಳಿಯ ಜೊತೆಗೆ, ಅದೇ ಕಡ್ಡಿಯ ಮೇಲೆ, ಇನ್ನೊಂದು ಪುಟ್ಟ ಸುರುಳಿ. ಅದರ ಕೆಲಸ ತಳ್ಳುವುದಲ್ಲ, ಗೂಢಚಾರಿಕೆ. ಅಯಸ್ಕಾಂತದ ಸಂದಿಯಲ್ಲಿ ಚಲಿಸುವ ಸುರುಳಿಯಲ್ಲಿ ವೇಗಕ್ಕೆ ತಕ್ಕಷ್ಟು ವೋಲ್ಟೇಜು ಹುಟ್ಟುತ್ತದಲ್ಲವೇ? ಮುಳ್ಳು ಈಗ ಎಷ್ಟು ವೇಗವಾಗಿ ಓಡುತ್ತಿದೆ ಎಂಬ ವರದಿ ಆಂಪ್ಲಿಫಯರಿಗೆ ಮುಟ್ಟುತ್ತದೆ. ಸಂಗೀತ ಹೇಳಿದ್ದಕ್ಕಿಂತ ಹೆಚ್ಚು ಕುಣಿಯುತ್ತಿದ್ದರೆ ಆಂಪ್ಲಿಫಯರು ಎದುರು ದಿಕ್ಕಿಗೆ ತಳ್ಳಿ ತಡೆಯುತ್ತದೆ. ಬೆಟ್ಟ ಕರಗಿ ಬಯಲಾಗುತ್ತದೆ.

ಇಲ್ಲಿ ಅಪಾಯವೂ ಇದೆ. ಉಯ್ಯಾಲೆಯ ಮುಂದೆ ನಿಂತು ಅದು ಬಂದಾಗಲೆಲ್ಲ ಅಂಗೈ ಒಡ್ಡಿ ತಡೆಯುವವನನ್ನು ನೆನೆಯಿರಿ. ಅವನ ಕೈ ಸ್ವಲ್ಪ ತಡವಾಗಿ ಬಂದರೆ? ಹಿಂದಕ್ಕೆ ಹೊರಟ ಉಯ್ಯಾಲೆಯನ್ನು ತಳ್ಳಿ ಇನ್ನಷ್ಟು ಜೀಕಿದಂತಾಗುತ್ತದೆ. ಎತ್ತರದ ಕಂಪನಾಂಕಗಳಲ್ಲಿ ಕಡ್ಡಿ ಬಾಗುವುದರಿಂದ, ಅಂಟು ಹಿಗ್ಗುವುದರಿಂದ ಗೂಢಚಾರನ ವರದಿ ತಡವಾಗುತ್ತದೆ. ತಡೆಯಬೇಕಾದ ಆಂಪ್ಲಿಫಯರು ಆಗ ತಳ್ಳತೊಡಗುತ್ತದೆ. ಶಾಲಾ ವಾರ್ಷಿಕೋತ್ಸವದಲ್ಲಿ ಮೈಕು ಇದ್ದಕ್ಕಿದ್ದಂತೆ ಕಿರುಚುವುದನ್ನು ಕೇಳಿದ್ದೀರಲ್ಲ, ಅದೇ ಕಿರುಚಾಟ. ಅಲ್ಲಿ ಕಿವಿ ಮುಚ್ಚಿಕೊಂಡರೆ ಮುಗಿಯಿತು. ಇಲ್ಲಿ ಕೂದಲೆಳೆಯ ತಂತಿಯ ಸುರುಳಿ ಕೆಲವೇ ಸೆಕೆಂಡುಗಳಲ್ಲಿ ಸುಟ್ಟುಹೋಗುತ್ತದೆ. ತಿಂಗಳುಗಟ್ಟಲೆಯ ಕೆಲಸ ಒಂದು ಎಳೆ ಹೊಗೆ! ಇನ್ನೊಂದು ಮೋಸವೂ ಉಂಟು. ಎರಡು ಸುರುಳಿಗಳು ತೀರ ಹತ್ತಿರವಿದ್ದರೆ ಟ್ರಾನ್ಸ್‌ಫಾರ್ಮರಿನಂತೆ ಒಂದರ ವಿದ್ಯುತ್ತು ಇನ್ನೊಂದರಲ್ಲಿ ನೇರವಾಗಿ ಪ್ರೇರಿತವಾಗುತ್ತದೆ. ಮುಳ್ಳು ಕದಲದಿದ್ದರೂ ಗೂಢಚಾರ ‘ಓಡುತ್ತಿದೆ’ ಎಂದು ಸುಳ್ಳು ವರದಿ ಕೊಡುತ್ತಾನೆ. ಹಾಗಾಗಿ ಇವೆರಡನ್ನು ದೂರ ಇಡಬೇಕು, ಇಲ್ಲವೇ ನಡುವೆ ತಡೆ ಕಟ್ಟಬೇಕು. ಆದರೆ ದೂರ ಇಟ್ಟಷ್ಟೂ ಕಡ್ಡಿ ಉದ್ದವಾಗಿ ವರದಿ ಇನ್ನೂ ತಡ. ಒಂದನ್ನು ಸರಿಪಡಿಸಿದರೆ ಇನ್ನೊಂದು ಕೆಡುವ ಈ ಗೋಜಲಿನಲ್ಲೇ ಹವ್ಯಾಸಿಗಳ ಹೆಚ್ಚಿನ ಪ್ರಯತ್ನಗಳು ನಿಂತುಹೋಗುವುದು. ದೊಡ್ಡ ಕಂಪನಿಗಳ ತಲೆಗಳೇನೂ ಬಿಸಿಯಿಂದ ಪಾರಾಗಿಲ್ಲ. ಸುರುಳಿಯನ್ನು ತಣ್ಣಗಿಡಲು ಅವುಗಳೊಳಗೆ ಹೀಲಿಯಮ್ ಅನಿಲ ಹಾಯಿಸುತ್ತಾರೆ.

ತಟ್ಟೆಯ ಮೇಲೆ

ತಲೆ ಸಿದ್ಧವಾಯಿತು ಎನ್ನಿ. ಸೆಕೆಂಡಿಗೆ 1,000 ಕಂಪನಗಳ ಸ್ವರವನ್ನು 5 ಸೆಂಟಿಮೀಟರ್ ವೇಗದಲ್ಲಿ ಬರೆದರೆ ಮುಳ್ಳು ನಡುವಿನಿಂದ ಒಂದು ಕಡೆಗೆ ಸರಿಯುವ ದೂರ, ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಎಂಟು ಪಾಲು. ಅದೇ ವೇಗದಲ್ಲಿ 100 ಕಂಪನಗಳ ಮಂದ್ರಸ್ವರ ಬರೆದರೆ ಎಂಬತ್ತು ಪಾಲು. ಗೀರಿನ ಅಗಲವೇ ಐವತ್ತು ಪಾಲಾದ್ದರಿಂದ ಅದು ಪಕ್ಕದ ಸಾಲಿಗೆ ನುಗ್ಗುತ್ತದೆ. 10,000 ಕಂಪನಗಳ ತಾರಸ್ವರವೋ ಒಂದು ಪಾಲಿಗಿಂತ ಕಡಿಮೆ, ತಟ್ಟೆಯ ಗರಗರದಲ್ಲಿ ಮುಳುಗಿಹೋಗುತ್ತದೆ. ಅದಕ್ಕಾಗಿ ಕೊರೆಯುವಾಗ ಮಂದ್ರವನ್ನು ತಗ್ಗಿಸಿ, ತಾರವನ್ನು ಹಿಗ್ಗಿಸಿ ಬರೆಯುತ್ತಾರೆ, ಹಾಡಿಸುವಾಗ ತಿರುಗುಮುರುಗು. 1954ರಲ್ಲಿ ಅಮೆರಿಕದ ರೆಕಾರ್ಡು ಉದ್ಯಮ ಒಪ್ಪಿಕೊಂಡ ಆರ್.ಐ.ಎ.ಎ. ಸೂತ್ರದ ಪ್ರಕಾರ 100ರ ಸ್ವರ ನಾಲ್ಕೂವರೆ ಪಟ್ಟು ತಗ್ಗುತ್ತದೆ, 10,000ದ ಸ್ವರ ಹತ್ತಿರ ಹತ್ತಿರ ಐದು ಪಟ್ಟು ಹಿಗ್ಗುತ್ತದೆ. ಸುರುಳಿ ಸುಡುವುದಕ್ಕೆ ಇದೂ ಒಂದು ಕಾರಣ.

ವೃತ್ತಿಪರರು ಕೊರೆಯುವುದು ಅಲ್ಯೂಮಿನಿಯಮ್ ತಟ್ಟೆಗೆ ಬಳಿದ ನೈಟ್ರೊಸೆಲ್ಯುಲೋಸ್ ಅರಗಿನ ಮೇಲೆ. ಮುಳ್ಳು ನೀಲಮಣಿ ಅಥವಾ ಮಾಣಿಕ್ಯದ್ದು. ಅದಕ್ಕೆ ಸಣ್ಣ ನೈಕ್ರೋಮ್ ತಂತಿ ಸುತ್ತಿ ಬೆಚ್ಚಗೆ ಇಡುತ್ತಾರೆ, ಗೀರಿನ ದಡ ನುಣ್ಣಗೆ ಬರಲೆಂದು. ಕೊರೆದಂತೆಲ್ಲ ನೂಲಿನಂಥ ಸಿಬಿರು ಏಳುತ್ತದೆ. ಅದನ್ನು ನಿರ್ವಾತ ಕೊಳವೆಯಲ್ಲಿ ಹೀರಿ ತೆಗೆಯದಿದ್ದರೆ ಮುಳ್ಳಿಗೆ ಸುತ್ತಿಕೊಂಡು ತಟ್ಟೆ ಹಾಳು. ಹತ್ತೊಂಬತ್ತನೆಯ ನಿಮಿಷದಲ್ಲಿ ಕೆಟ್ಟರೂ ಮತ್ತೆ ಮೊದಲಿನಿಂದ, ಹೊಸ ತಟ್ಟೆಯಲ್ಲಿ. ಈ ಸಿಬಿರು ಕಿಡಿ ತಾಗಿದರೆ ಭಗ್ಗನೆ ಉರಿಯುವ ವಸ್ತು. ಇಂಥ ತಟ್ಟೆಗಳನ್ನು ಮಾಡುತ್ತಿದ್ದ ಕ್ಯಾಲಿಫೋರ್ನಿಯದ ಅಪೊಲೊ ಮಾಸ್ಟರ್ಸ್ ಕಾರ್ಖಾನೆ 2020ರ ಫೆಬ್ರವರಿ 6ರಂದು ಬೆಂಕಿಗೆ ಆಹುತಿಯಾದಾಗ, ಜಗತ್ತಿನ ರೆಕಾರ್ಡು ಉದ್ಯಮವೆಲ್ಲ ಜಪಾನಿನ ಒಂದು ಪುಟ್ಟ ಕಂಪನಿಯ ಕಡೆ ನೋಡುವಂತಾಯಿತು. ವಿದ್ಯಾರ್ಥಿಗಳ ಕೈಗೆ ಈ ಅರಗಿನ ತಟ್ಟೆ ಬೇಡವೇ ಬೇಡ. ಹವ್ಯಾಸಿಗಳು ಪಾಲಿಕಾರ್ಬೊನೇಟ್ ಹಾಳೆ, ಅಷ್ಟೇಕೆ ಕೆಟ್ಟುಹೋದ ಸಿ.ಡಿ.ಗಳ ಮೇಲೂ ಕೊರೆಯುತ್ತಾರೆ. ರೆಕಾರ್ಡನ್ನು ಕೊಂದಿತೆನ್ನಲಾದ ಸಿ.ಡಿ.ಯ ಬೆನ್ನ ಮೇಲೇ ರೆಕಾರ್ಡಿನ ಗೀರು!

ಎಲುಬುಗಳ ಮೇಲೆ ಹಾಡು

ಮನೆಯಲ್ಲಿ ಕಟ್ಟಿದ ಯಂತ್ರ ಎಂದರೆ ಕಾಲಹರಣದ ಆಟವೆಂದು ತಿಳಿಯಬೇಕಿಲ್ಲ. ಎರಡನೆಯ ಮಹಾಯುದ್ಧ ಮುಗಿದ ಹೊಸದರಲ್ಲಿ ಸೋವಿಯತ್ ರಷ್ಯದ ಲೆನಿನ್‌ಗ್ರಾಡಿನಲ್ಲಿ ಜಾಜ್ ಸಂಗೀತಕ್ಕೂ ದೇಶ ಬಿಟ್ಟುಹೋದ ರಷ್ಯನ್ ಗಾಯಕರ ಹಾಡಿಗೂ ಸರ್ಕಾರದ ವಿರೋಧವಿತ್ತು. ನಗರದ ನೆವ್‌ಸ್ಕಿ ರಸ್ತೆಯಲ್ಲಿ ಜನರ ಧ್ವನಿಯನ್ನು ತಟ್ಟೆಗೆ ಕೊರೆದುಕೊಡುವ ಅಂಗಡಿಯೊಂದಿತ್ತು. ಅಲ್ಲಿದ್ದದ್ದು ಜರ್ಮನಿಯ ಟೆಲಿಫುಂಕನ್ ಯಂತ್ರ. ರುಸ್ಲಾನ್ ಬೊಗೊಸ್ಲೋವ್‌ಸ್ಕಿ ಎಂಬ ತರುಣ ಅದನ್ನು ನೋಡಿ ನೋಡಿ ಅಳತೆಗಳನ್ನು ಗ್ರಹಿಸಿ, ನಕ್ಷೆ ಬರೆದು, ತನ್ನದೇ ಯಂತ್ರ ಮಾಡಿಸಿಕೊಂಡ. ಕೊರೆಯಲು ತಟ್ಟೆ? ಆಸ್ಪತ್ರೆಗಳು ಎಸೆಯುತ್ತಿದ್ದ ಎಕ್ಸ್-ರೇ ಹಾಳೆಗಳನ್ನು ದುಂಡಗೆ ಕತ್ತರಿಸಿ ಅವುಗಳ ಮೇಲೆ ಕೊರೆದ. ಯಾರದೋ ಪಕ್ಕೆಲುಬಿನ ಚಿತ್ರದ ಮೇಲೆ ಹಾಡು ಸುತ್ತುತ್ತಿತ್ತು. ‘ಪಕ್ಕೆಲುಬು’ಗಳೆಂದೇ ಜನ ಅವನ್ನು ಕರೆದರು. ತಟ್ಟೆಗಳು ಕೈಯಿಂದ ಕೈಗೆ ಹರಡಿದವು. 1950ರಲ್ಲಿ ಅವನ ಬಂಧನವಾಯಿತು, ಸೆರೆವಾಸವೂ ಆಯಿತು. ಬಿಡುಗಡೆಯಾಗಿ ಬಂದವನು ಮತ್ತೆ ಅದೇ ಕೆಲಸಕ್ಕೆ ಕೂತ! ಅವನ ತಟ್ಟೆಗಳು ಮೋನೊ, ಸದ್ದಿಗಿಂತ ಗರಗರವೇ ಜಾಸ್ತಿ. ಆದರೂ ಬೇಕಾದ ಹಾಡನ್ನು ಕೇಳಲು ಊರಿನ ಜನಕ್ಕೆ ಬೇರೆ ದಾರಿಯಿರಲಿಲ್ಲ.

ನಮ್ಮ ವಿದ್ಯಾರ್ಥಿಗೆ ಅಂಥ ಒತ್ತಡವಿಲ್ಲ. ಲೇತ್, ಅರಗು, ಹೀಲಿಯಮ್ ಯಾವುದೂ ಇಲ್ಲದೆ ಬರೀ ತಲೆಯನ್ನಷ್ಟೇ ಕಟ್ಟಿ ಮೇಜಿನ ಮೇಲೇ ಪರೀಕ್ಷಿಸಬಹುದು. ಹಳೆಯ ರೆಕಾರ್ಡ್ ಪ್ಲೇಯರಿನ ಸ್ಟೀರಿಯೊ ಪಿಕಪ್ಪಿನ ಮುಳ್ಳನ್ನು ನಮ್ಮ ತಲೆಯ ತುದಿಯ ಮೇಲೆ ಮೆಲ್ಲಗೆ ಕೂರಿಸಿ, ಪಿಕಪ್ಪಿನ ಎರಡು ತಂತಿಗಳನ್ನು ಕಂಪ್ಯೂಟರಿನ ಸೌಂಡ್ ಕಾರ್ಡಿಗೆ ಕೊಟ್ಟರಾಯಿತು. ಫೀಡ್‌ಬ್ಯಾಕಿನ ಗೊಡವೆ ಮೊದಲಿಗೆ ಬೇಡ, ರಬ್ಬರೇ ಸಾಕು. ಆಂಪ್ಲಿಫಯರು ಐದು ವಾಟಿನದಿರಲಿ. ಪ್ರತಿ ಸುರುಳಿಗೂ ಒಂದೊಂದು ಸಣ್ಣ ಫ್ಯೂಸ್ ಹಾಕಿ. ಮನೆಯ ಮೈನ್ಸ್ ವಿದ್ಯುತ್ತಿಗೆ ಕೈ ಹಾಕುವ ಕೆಲಸವಿದ್ದರೆ ತಿಳಿದ ಹಿರಿಯರು ಪಕ್ಕದಲ್ಲಿರಬೇಕು. ಪೋಷಕರು ಪರೀಕ್ಷೆಯ ದಿನಗಳಲ್ಲಿ ಬೈದರೆ ಅದು ನ್ಯಾಯವೇ, ಆದರೆ ಬೇಸಿಗೆ ರಜೆಯಲ್ಲಿ ಒಂದು ಮೂಲೆಯ ಮೇಜನ್ನು ಬಿಟ್ಟುಕೊಡಬಹುದು.

ಪರೀಕ್ಷೆಯ ಕ್ರಮ ಹೀಗೆ. ಮೊದಲು ಯಾವ ಸ್ವರವನ್ನೂ ಕೊಡದೆ ಕೇಳಿ. ಮೈನ್ಸಿನ 50 ಆವರ್ತಗಳ ಗುಂಯ್‌ಗುಡಿಕೆ ಕೇಳಿಸಿದರೆ ಅದನ್ನು ಹುಡುಕಿ ತೆಗೆಯಿರಿ. ನಂತರ ಎಡ ಸುರುಳಿಗೆ ಮಾತ್ರ 1,000 ಕಂಪನಗಳ ಸ್ವರ ಕೊಟ್ಟು ಬಲಗಡೆ ಎಷ್ಟು ಸೋರುತ್ತಿದೆ ಎಂದು ಅಳೆಯಿರಿ. ಹತ್ತರಲ್ಲಿ ಒಂದು ಪಾಲು ಸೋರಿದರೆ ಅದು 20 ಡೆಸಿಬೆಲ್ ಪ್ರತ್ಯೇಕತೆ. ಮೊದಲ ತಲೆಗೆ ಅಷ್ಟಾದರೆ ಸಂತೋಷಪಡಬಹುದು. ಮೂವತ್ತೆರಡರಲ್ಲಿ ಒಂದು ಪಾಲಾದರೆ 30 ಡೆಸಿಬೆಲ್. ಬಳಿಕ ಬಲ ಸುರುಳಿಗೆ. ಆಮೇಲೆ ಎರಡಕ್ಕೂ ಒಂದೇ ಸ್ವರ: ಮುಳ್ಳು ಅಕ್ಕಪಕ್ಕಕ್ಕೆ ಆಡಬೇಕು. ಮೇಲೆ ಕೆಳಗೆ ಆಡಿದರೆ ಒಂದು ಸುರುಳಿಯ ತಂತಿಗಳು ಅದಲುಬದಲಾಗಿವೆ ಎಂದರ್ಥ. ತಟ್ಟೆಯ ಮೇಲಾಗಿದ್ದರೆ ಮುಳ್ಳು ಒಮ್ಮೆ ಗೀರು ಬಿಟ್ಟು ಮೇಲೆ ಹಾರಿ, ಮರುಕ್ಷಣ ಅಲ್ಯೂಮಿನಿಯಮ್ಮಿಗೆ ಇಳಿದುಬಿಡುತ್ತಿತ್ತು. ತಂತಿಗಳನ್ನು ಸರಿಪಡಿಸಿ, 100ರಿಂದ 10,000ದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಸ್ವರ ಕೊಟ್ಟು ಗ್ರಾಫ್ ಹಾಳೆಯಲ್ಲಿ ಬೆಟ್ಟದ ನಕ್ಷೆ ಬರೆಯಿರಿ. ಒಂದಿಷ್ಟು ರಬ್ಬರು ಸೇರಿಸಿ ಮತ್ತೆ ಬರೆಯಿರಿ. ಹಾಡು ಅದಾದ ಮೇಲೆ.